ಪಿಕಪ್ ಗಾಡಿಯ ಡಿಫರೆನ್ಶಿಯಲ್ ಆಯಿಲ್: ಮನೆಯಂಗಳದಲ್ಲೇ ಬದಲಿಸುವ ಬಗೆ

ಎಂಜಿನ್ ಆಯಿಲ್‌ನ ಒತ್ತಡ ಕುಸಿದರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ರೇಡಿಯೇಟರ್ ಕಾದರೆ ಮುಳ್ಳು ಮೇಲೇರುತ್ತದೆ. ಡಿಫರೆನ್ಶಿಯಲ್‌ಗೆ ದೀಪವೂ ಇಲ್ಲ, ಮುಳ್ಳೂ ಇಲ್ಲ, ಎಳೆದು ನೋಡಲು ಅಳತೆ ಕಡ್ಡಿಯೂ ಇಲ್ಲ. ಹಿಂದಿನ ಎರಡು ಚಕ್ರಗಳ ನಡುವೆ ಕೆಸರು ಮೆತ್ತಿಕೊಂಡು ಕೂತಿರುವ ಆ ದುಂಡನೆಯ ಭಾಗವನ್ನು ಚಾಲಕರು, ಮೆಕ್ಯಾನಿಕ್‌ಗಳು ‘ಹೌಸಿಂಗ್’ ಎಂದೇ ಕರೆಯುತ್ತಾರೆ. ಅದರೊಳಗಿನ ಆಯಿಲ್ ನೆನಪಾಗುವುದು ಸಾಮಾನ್ಯವಾಗಿ ಹೌಸಿಂಗ್ ‘ಕೂಗಲು’ ಶುರುಮಾಡಿದ ಮೇಲೆ. ಅಷ್ಟು ಹೊತ್ತಿಗೆ ಹಲ್ಲು, ಬೇರಿಂಗ್ ಸವೆದಿರುತ್ತವೆ. ಹೊಸ ಆಯಿಲ್ ಹಾಕಿದರೂ ಸವೆದದ್ದು ಮರಳಿ ಬರುವುದಿಲ್ಲ.

ಸರಕು ಸಾಗಿಸುವ ಸಣ್ಣ ಪಿಕಪ್ ಗಾಡಿಯ ಡಿಫರೆನ್ಶಿಯಲ್ ಆಯಿಲ್ ಬದಲಿಸುವುದು ಮನೆಯಲ್ಲಿ ಮಾಡಬಹುದಾದ ಸುಲಭ ಕೆಲಸಗಳಲ್ಲಿ ಒಂದು. ಎರಡು ಬೋಲ್ಟ್ ಬಿಚ್ಚಲು ಬಂದರೆ ಸಾಕು. ಆದರೆ ಯಾವ ಬೋಲ್ಟ್ ಮೊದಲು, ಯಾವ ಆಯಿಲ್, ಎಷ್ಟು ಮಟ್ಟಕ್ಕೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಗೊತ್ತಿರಬೇಕು. ಇಳಿಸಿದ ಹಳೆ ಆಯಿಲನ್ನು ನೋಡಿ ಒಳಗಿನ ಸ್ಥಿತಿ ತಿಳಿದುಕೊಳ್ಳುವುದಂತೂ ಈ ಕೆಲಸದ ಅರ್ಧ ಲಾಭ.

ಡಿಫರೆನ್ಶಿಯಲ್ ಮಾಡುವ ಕೆಲಸ

ಗಾಡಿ ತಿರುಗುವಾಗ ಒಳಬದಿಯ ಚಕ್ರ ಕಡಿಮೆ ದೂರ ಉರುಳುತ್ತದೆ, ಹೊರಬದಿಯದು ಹೆಚ್ಚು ದೂರ. ಎರಡು ಹಿಂಚಕ್ರಗಳ ನಡುವೆ 1.4 ಮೀಟರ್ ಅಂತರವಿರುವ ಗಾಡಿಯೊಂದು ಯು-ಟರ್ನ್ ತೆಗೆದುಕೊಳ್ಳುತ್ತಿದೆ ಎನ್ನೋಣ. ಒಳಚಕ್ರ 5 ಮೀಟರ್ ತ್ರಿಜ್ಯದ ಅರ್ಧವೃತ್ತದಲ್ಲಿ ಸುಮಾರು 15.7 ಮೀಟರ್ ಸಾಗಿದರೆ, ಹೊರಚಕ್ರ ಅದೇ ಹೊತ್ತಿನಲ್ಲಿ 20 ಮೀಟರಿಗಿಂತ ತುಸು ಹೆಚ್ಚು ಸಾಗಬೇಕು. ಎರಡೂ ಚಕ್ರಗಳನ್ನು ಒಂದೇ ಗಟ್ಟಿ ಶಾಫ್ಟಿಗೆ ಜೋಡಿಸಿದ್ದರೆ ಯಾವುದಾದರೂ ಒಂದು ಟೈರ್ ರಸ್ತೆಗೆ ಉಜ್ಜಿಕೊಂಡೇ ಹೋಗಬೇಕಾಗುತ್ತಿತ್ತು.

ಈ ತೊಡಕನ್ನು ಬಿಡಿಸುವುದೇ ಡಿಫರೆನ್ಶಿಯಲ್. ಎಂಜಿನ್ ಬಲವನ್ನು ಎರಡೂ ಚಕ್ರಗಳಿಗೆ ಹಂಚುತ್ತಲೇ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಅದು ಬಿಡುತ್ತದೆ. ಲೆಕ್ಕ ಸರಳ: ಅದರೊಳಗಿನ ದೊಡ್ಡ ಗೇರಾದ ಕ್ರೌನ್ ವೀಲ್ ನಿಮಿಷಕ್ಕೆ 100 ಸುತ್ತು ತಿರುಗುತ್ತಿದ್ದರೆ ಎರಡು ಚಕ್ರಗಳ ವೇಗದ ಸರಾಸರಿಯೂ 100 ಇರುತ್ತದೆ. ತಿರುವಿನಲ್ಲಿ ಒಂದು 90 ಆದರೆ ಇನ್ನೊಂದು 110. ಒಂದು ಚಕ್ರ ಕೆಸರಿನಲ್ಲಿ ಹೂತು ಜಾರತೊಡಗಿದರೆ ಅದು 200 ಸುತ್ತುತ್ತದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಸುಮ್ಮನೆ ನಿಲ್ಲುತ್ತದೆ. ಮಳೆಗಾಲದ ಮಣ್ಣು ರಸ್ತೆಯಲ್ಲಿ ಗಾಡಿ ಸಿಕ್ಕಿಬಿದ್ದಾಗ ಕಾಣುವ ನೋಟ ಇದೇ.

ಫ್ರಾನ್ಸಿನ ಗಡಿಯಾರ ತಯಾರಕ ಒನೆಸಿಫೋರ್ ಪೆಕ್ಯೂರ್ 1827ರಲ್ಲಿ ಉಗಿ ಬಂಡಿಗಾಗಿ ಈ ಏರ್ಪಾಡಿನ ಪೇಟೆಂಟ್ ಪಡೆದ. ಪೆಟ್ರೋಲ್ ಕಾರು ಹುಟ್ಟುವುದಕ್ಕಿಂತ ಅರ್ಧ ಶತಮಾನಕ್ಕೂ ಹಿಂದಿನ ಮಾತು ಅದು.

ಒಳಗಿನ ಹಲ್ಲುಗಳು, ಅವಕ್ಕೆ ಬೇಕಾದ ಆಯಿಲ್

ಗೇರ್ ಬಾಕ್ಸಿನಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಹೌಸಿಂಗ್‌ನ ಮೂತಿಯಲ್ಲಿರುವ ಸಣ್ಣ ಪಿನಿಯನ್ ಅನ್ನು ತಿರುಗಿಸುತ್ತದೆ. ಗ್ಯಾರೇಜುಗಳಲ್ಲಿ ಇದಕ್ಕೆ ‘ಟೈಲ್ ಪಿನಿಯನ್’ ಎನ್ನುವುದುಂಟು. ಪಿನಿಯನ್ನಿನ ಹಲ್ಲು ದೊಡ್ಡ ಕ್ರೌನ್ ವೀಲಿನ ಹಲ್ಲಿಗೆ ಕಚ್ಚಿಕೊಂಡಿರುತ್ತದೆ. ಪಿನಿಯನ್‌ಗೆ 10, ಕ್ರೌನ್‌ಗೆ 41 ಹಲ್ಲಿದ್ದರೆ ಶಾಫ್ಟ್ 4.1 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ವೇಗ ಇಳಿದಷ್ಟೂ ಎಳೆಯುವ ಬಲ ಹೆಚ್ಚುತ್ತದೆ. ಲೋಡು ಹೊತ್ತು ಏರು ಹತ್ತುವ ಗಾಡಿಗೆ ಬೇಕಾದದ್ದು ಇದೇ. ಕ್ರೌನ್ ವೀಲಿಗೆ ಜೋಡಿಸಿದ ಗೂಡಿನೊಳಗೆ ಇನ್ನೂ ಸಣ್ಣ ಗೇರುಗಳಿವೆ. ಎಡ-ಬಲ ಚಕ್ರಗಳ ವೇಗವನ್ನು ಹೊಂದಿಸುವುದು ಅವುಗಳ ಪಾಲಿನ ಕೆಲಸ.

ಬಹುತೇಕ ಗಾಡಿಗಳಲ್ಲಿ ಪಿನಿಯನ್ ಕ್ರೌನ್ ವೀಲಿನ ಕೇಂದ್ರಕ್ಕೆ ನೇರವಾಗಿರದೆ ತುಸು ಕೆಳಗೆ ಕೂತಿರುತ್ತದೆ. ಇದಕ್ಕೆ ಹೈಪಾಯ್ಡ್ ಗೇರ್ ಎಂದು ಹೆಸರು. ಅಮೆರಿಕದ ಪ್ಯಾಕಾರ್ಡ್ ಕಂಪನಿ 1926ರಲ್ಲಿ ಇದನ್ನು ಕಾರುಗಳಿಗೆ ತಂದಿತು. ಶಾಫ್ಟ್ ಕೆಳಗಿಳಿದಿದ್ದರಿಂದ ಕಾರಿನ ನೆಲವೂ ತಗ್ಗಿತು, ಹಲ್ಲಿನ ಸದ್ದೂ ಅಡಗಿತು. ಆದರೆ ಈ ಜೋಡಣೆಯಲ್ಲಿ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಉದ್ದಕ್ಕೂ ಜಾರುತ್ತವೆ. ಭಾರೀ ಒತ್ತಡದಲ್ಲಿ ಉಕ್ಕಿನ ಮೇಲೆ ಉಕ್ಕು ಜಾರಿದಾಗ ಮಾಮೂಲಿ ಆಯಿಲ್‌ನ ಪದರ ಹರಿದುಹೋಗುತ್ತದೆ. ಅದಕ್ಕಾಗಿಯೇ ಹೈಪಾಯ್ಡ್ ಆಯಿಲ್‌ಗೆ ಗಂಧಕ, ರಂಜಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಹಲ್ಲುಗಳು ತಾಗಿ ಬಿಸಿಯಾದ ಜಾಗದಲ್ಲಿ ಇವು ಉಕ್ಕಿನೊಡನೆ ವರ್ತಿಸಿ ತೆಳುವಾದ ರಕ್ಷಾಪದರ ಕಟ್ಟುತ್ತವೆ. ಉಜ್ಜಿದಾಗ ಸವೆಯುವುದು ಆ ಪದರ, ಹಲ್ಲಲ್ಲ. ಗೇರ್ ಆಯಿಲ್‌ನ ಘಾಟು ವಾಸನೆಗೆ ಕಾರಣ ಈ ಗಂಧಕವೇ.

ಹೌಸಿಂಗ್‌ನೊಳಗೆ ಪಂಪ್ ಇರುವುದಿಲ್ಲ. ತಳದಲ್ಲಿ ನಿಂತ ಆಯಿಲಿನಲ್ಲಿ ಕ್ರೌನ್ ವೀಲಿನ ಅಂಚು ಮುಳುಗಿ, ತಿರುಗುತ್ತಾ ಅದನ್ನು ಮೇಲಕ್ಕೆ ಎರಚುತ್ತದೆ. ಹಾಗೆ ಎರಚಿದ ಆಯಿಲ್‌ನಿಂದಲೇ ಪಿನಿಯನ್ ಬೇರಿಂಗುಗಳು ನೆನೆಯಬೇಕು. ಮಟ್ಟ ತಗ್ಗಿದರೆ ಮೊದಲು ಒಣಗುವುದೂ ಅವೇ.

ಡಬ್ಬಿಯ ಮೇಲಿನ ಅಕ್ಷರ, ಅಂಕಿ

ಗೇರ್ ಆಯಿಲ್ ಡಬ್ಬಿಯ ಮೇಲೆ ಎರಡು ಸಂಗತಿ ನೋಡಬೇಕು. ಒಂದು, ಎಪಿಐ ದರ್ಜೆ: ಜಿಎಲ್-4 ಅಥವಾ ಜಿಎಲ್-5. ಹೈಪಾಯ್ಡ್ ಡಿಫರೆನ್ಶಿಯಲ್‌ಗೆ ಸಾಮಾನ್ಯವಾಗಿ ಬೇಕಾದದ್ದು ಜಿಎಲ್-5. ಇದರಲ್ಲಿ ಒತ್ತಡ ತಾಳಿಸುವ ರಾಸಾಯನಿಕಗಳ ಪ್ರಮಾಣ ಹೆಚ್ಚು. ಹಾಗೆಂದು ‘ಐದು ನಾಲ್ಕಕ್ಕಿಂತ ದೊಡ್ಡದು, ಗೇರ್ ಬಾಕ್ಸಿಗೂ ಅದನ್ನೇ ಹಾಕೋಣ’ ಎನ್ನುವಂತಿಲ್ಲ. ಗೇರ್ ಬಾಕ್ಸಿನ ಸಿಂಕ್ರೊನೈಸರ್ ರಿಂಗುಗಳು ಎಷ್ಟೋ ಗಾಡಿಗಳಲ್ಲಿ ಹಿತ್ತಾಳೆಯಂಥ ಲೋಹದವು. ಜಿಎಲ್-5ರ ಗಂಧಕ ಅವನ್ನು ತಿನ್ನಬಹುದು. ಗೇರ್ ಬಾಕ್ಸಿಗೆ ಹೇಳಿದ್ದು ಗೇರ್ ಬಾಕ್ಸಿಗೆ, ಹೌಸಿಂಗ್‌ಗೆ ಹೇಳಿದ್ದು ಹೌಸಿಂಗ್‌ಗೆ.

ಎರಡನೆಯದು ದಪ್ಪ: 80ಡಬ್ಲ್ಯು-90, 85ಡಬ್ಲ್ಯು-140, 75ಡಬ್ಲ್ಯು-90 ಹೀಗೆ. ‘ಡಬ್ಲ್ಯು’ ಜೊತೆಗಿರುವ ಅಂಕಿ ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತದೆ ಎಂಬುದನ್ನು, ಎರಡನೆಯ ಅಂಕಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ದಪ್ಪವನ್ನು ಸೂಚಿಸುತ್ತವೆ. ಗೇರ್ ಆಯಿಲ್‌ನ 90 ಎಂದರೆ ಎಂಜಿನ್ ಆಯಿಲ್‌ನ 40ರ ಎರಡು ಪಟ್ಟು ದಪ್ಪ ಎಂದು ಭಾವಿಸುವವರಿದ್ದಾರೆ. ಎರಡಕ್ಕೂ ಅಳತೆಪಟ್ಟಿಯೇ ಬೇರೆ. ಗೇರ್ ಆಯಿಲ್ 90ರ ದಪ್ಪ ಎಂಜಿನ್ ಆಯಿಲ್‌ನ 40-50ರ ಆಸುಪಾಸಿನಲ್ಲೇ ಇರುತ್ತದೆ. ಆದರೂ ಒಂದರ ಬದಲು ಇನ್ನೊಂದನ್ನು ಹಾಕಲಾಗದು, ಏಕೆಂದರೆ ಒಳಗೆ ಬೆರೆಸಿದ ರಾಸಾಯನಿಕಗಳು ಬೇರೆ.

ಚಕ್ರ ಜಾರದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ ಇದ್ದರೆ, ಅದರೊಳಗಿನ ಕ್ಲಚ್ ಪ್ಲೇಟುಗಳಿಗೆ ಹೊಂದುವ ವಿಶೇಷ ಆಯಿಲ್ ಅಥವಾ ಬೇರೆಯಾಗಿ ಬೆರೆಸುವ ದ್ರವ ಬೇಕಾಗಬಹುದು. ಗಾಡಿಯ ಜೊತೆ ಕೊಟ್ಟ ಕೈಪಿಡಿಯಲ್ಲಿ ದರ್ಜೆ, ದಪ್ಪ, ಪ್ರಮಾಣ ಮೂರೂ ಇರುತ್ತವೆ. ಸಣ್ಣ ಪಿಕಪ್‌ಗಳಿಗೆ ಹೆಚ್ಚಾಗಿ ಒಂದೂವರೆ-ಎರಡು ಲೀಟರಿನ ಆಸುಪಾಸು ಸಾಕಾಗುತ್ತದೆ. ದೊಡ್ಡ ಲಾರಿಯ ಹೌಸಿಂಗ್ ಅದರ ಹಲವು ಪಟ್ಟು ಕುಡಿಯುತ್ತದೆ.

ಯಾವಾಗ ಬದಲಿಸಬೇಕು

ಅವಧಿ ಕಂಪನಿಯಿಂದ ಕಂಪನಿಗೆ, ಮಾದರಿಯಿಂದ ಮಾದರಿಗೆ ಬೇರೆ. ಕೈಪಿಡಿಯ ಕಿಲೋಮೀಟರ್ ಲೆಕ್ಕವೇ ಪ್ರಮಾಣ. ಆದರೆ ಆ ಲೆಕ್ಕ ಸಾಧಾರಣ ಬಳಕೆಗೆ ಬರೆದದ್ದು. ದಿನವೂ ತುಂಬು ಲೋಡು ಹೊರುವ ಗಾಡಿ, ಶಿರಾಡಿ, ಚಾರ್ಮಾಡಿಯಂಥ ಘಾಟಿ ಹತ್ತಿಳಿಯುವ ಗಾಡಿ, ಹಳ್ಳ ದಾಟುವ ಗಾಡಿ ಇವುಗಳಿಗೆ ಇನ್ನೂ ಬೇಗ ಬದಲಿಸಬೇಕು. ಹೊಸ ಗಾಡಿಯಲ್ಲಿ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಲೋಹದ ಪುಡಿ ಹೆಚ್ಚು ಉದುರುತ್ತದೆ. ಕೆಲವು ಕಂಪನಿಗಳು ಮೊದಲ ಬದಲಾವಣೆಯನ್ನು ಬೇಗ ಮಾಡಿಸಲು ಹೇಳುವುದು ಈ ಕಾರಣಕ್ಕೆ. ಇನ್ನು ಹೌಸಿಂಗ್ ನೀರಿನಲ್ಲಿ ಮುಳುಗಿದ್ದರೆ ಕಿಲೋಮೀಟರ್ ಎಣಿಸುತ್ತ ಕೂರದೆ ಬೋಲ್ಟ್ ತೆರೆದು ಆಯಿಲ್ ನೋಡಬೇಕು.

ಕೊಳ್ಳುವಾಗ ಹಳೆ ಗಾಡಿಯಾಗಿದ್ದು, ಹಿಂದಿನ ಮಾಲೀಕರು ಯಾವಾಗ ಬದಲಿಸಿದ್ದರು ಎಂಬುದಕ್ಕೆ ಬಿಲ್ ಇಲ್ಲದಿದ್ದರೆ ಬದಲಿಸಿಯೇ ಇಲ್ಲ ಎಂದುಕೊಂಡು ಶುರುಮಾಡುವುದು ಕ್ಷೇಮ.

ಬೇಕಾದ ಸಾಮಾನು

ಹೊಸ ಆಯಿಲ್, ಕೈಪಿಡಿ ಹೇಳಿದ್ದಕ್ಕಿಂತ ಅರ್ಧ ಲೀಟರ್ ಹೆಚ್ಚೇ ಇರಲಿ. ಫಿಲ್ಲರ್, ಡ್ರೈನ್ ಬೋಲ್ಟುಗಳಿಗೆ ಸರಿಹೊಂದುವ ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್; ಕೆಲವು ಗಾಡಿಗಳಲ್ಲಿ ಬೋಲ್ಟಿನ ತಲೆ ಒಳಗುಳಿಯಾಗಿದ್ದು ಎಲ್ ಕೀ ಅಥವಾ ಚೌಕ ಸಾಕೆಟ್ ಬೇಕಾಗುತ್ತದೆ. ಹಳೆ ಆಯಿಲ್ ಹಿಡಿಯಲು ಅಗಲ ಬಾಯಿಯ ಟ್ರೇ. ತುಂಬಲು ಕೈಪಂಪು ಅಥವಾ ಪೈಪ್ ಜೋಡಿಸಿದ ಹಿಸುಕುವ ಬಾಟಲಿ. ತಂತಿ ಬ್ರಷ್, ಬನಿಯನ್ ವೇಸ್ಟ್, ಕೈಗವಸು, ಕಣ್ಣಿಗೆ ಕನ್ನಡಕ, ಬೋಲ್ಟುಗಳಿಗೆ ಹೊಸ ವಾಷರ್.

ಬೋಲ್ಟಿನ ತಲೆಗೆ ಅಡ್ಜಸ್ಟೆಬಲ್ ಸ್ಪ್ಯಾನರ್ ಅಥವಾ ಪೈಪ್ ರೆಂಚ್ ಹಾಕುವುದು ಬೇಡ. ವರ್ಷಗಟ್ಟಲೆ ಬಿಚ್ಚದೆ ತುಕ್ಕು ಹಿಡಿದ ಬೋಲ್ಟಿನ ಅಂಚು ಒಮ್ಮೆ ಸವೆದು ದುಂಡಗಾದರೆ ಆಮೇಲೆ ಅದು ವೆಲ್ಡಿಂಗ್ ಅಂಗಡಿಯ ಕೆಲಸ.

ಗಾಡಿ ನಿಲ್ಲಿಸುವ ಕ್ರಮ

ಗಾಡಿ ಖಾಲಿಯಿರಲಿ. ಹತ್ತು-ಹದಿನೈದು ನಿಮಿಷ ಓಡಿಸಿ ತಂದರೆ ಆಯಿಲ್ ಬೆಚ್ಚಗಾಗಿ ತೆಳುವಾಗುತ್ತದೆ, ತಳದ ಪುಡಿಯನ್ನೂ ಎತ್ತಿಕೊಂಡು ಇಳಿಯುತ್ತದೆ. ಲೋಡು ಎಳೆದು ದೂರದಿಂದ ಈಗಷ್ಟೇ ಬಂದ ಗಾಡಿಯಾದರೆ ಕಾಯಬೇಕು, ಆಯಿಲ್ ಕೈ ಸುಡುವಷ್ಟು ಬಿಸಿಯಿರುತ್ತದೆ.

ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದು, ಗೇರಿಗೆ ಹಾಕಿ, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಪಿಕಪ್ ಗಾಡಿಗಳು ನೆಲದಿಂದ ಸಾಕಷ್ಟು ಎತ್ತರ ಇರುವುದರಿಂದ ಹಲವು ಸಲ ಜಾಕಿಯೇ ಬೇಕಾಗುವುದಿಲ್ಲ. ಎತ್ತಲೇಬೇಕಾದರೆ ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ನುಸುಳಬಾರದು. ಭಾರ ತಾಳುವ ಸ್ಟ್ಯಾಂಡುಗಳನ್ನು ಕೊಟ್ಟ ಮೇಲೆಯೇ ತಲೆ ಒಳಗೆ ಹಾಕಬೇಕು. ಇಟ್ಟಿಗೆ, ಹಾಲೋ ಬ್ಲಾಕ್ ಪೇರಿಸಿದ್ದು ಸ್ಟ್ಯಾಂಡ್ ಅಲ್ಲ. ಅವು ಸೂಚನೆ ಕೊಡದೆ ಸೀಳಿ ಕುಸಿಯುತ್ತವೆ. ಹಿಂಭಾಗ ಮಾತ್ರ ಎತ್ತಿದ್ದರೆ ಹೌಸಿಂಗ್ ಓರೆಯಾಗಿರುತ್ತದೆ, ಆಗ ತುಂಬಿದ ಆಯಿಲ್‌ನ ಮಟ್ಟವೂ ತಪ್ಪುತ್ತದೆ. ಮಟ್ಟ ನೋಡುವ ಹೊತ್ತಿಗೆ ಗಾಡಿ ಸಮವಾಗಿ ನಿಂತಿರಬೇಕು.

ಮೊದಲು ಮೇಲಿನ ಬೋಲ್ಟ್

ನಮ್ಮಲ್ಲಿ ಓಡುವ ಬಹುತೇಕ ಸಣ್ಣ ಸರಕು ಗಾಡಿಗಳ ಹೌಸಿಂಗ್‌ನಲ್ಲಿ ಎರಡು ಬೋಲ್ಟುಗಳಿರುತ್ತವೆ: ತಳದಲ್ಲಿ ಡ್ರೈನ್ ಬೋಲ್ಟ್, ಹಿಂಬದಿ ಅಥವಾ ಪಕ್ಕದಲ್ಲಿ ತುಸು ಮೇಲೆ ಫಿಲ್ಲರ್ ಬೋಲ್ಟ್. ಎರಡರ ಸುತ್ತಲಿನ ಮಣ್ಣನ್ನು ತಂತಿ ಬ್ರಷ್‌ನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ. ಬೋಲ್ಟ್ ತೆಗೆದ ಮೇಲೆ ಉದುರುವ ಮರಳು ನೇರ ಬೇರಿಂಗಿಗೇ ಹೋಗುತ್ತದೆ.

ಈ ಕೆಲಸದಲ್ಲಿ ಒಂದೇ ಒಂದು ನಿಯಮ ನೆನಪಿಡುವುದಿದ್ದರೆ ಅದು ಇದು: ಮೊದಲು ಬಿಚ್ಚಬೇಕಾದದ್ದು ಮೇಲಿನ ಫಿಲ್ಲರ್ ಬೋಲ್ಟ್. ಕೆಳಗಿನದನ್ನು ತೆಗೆದು ಆಯಿಲ್ ಪೂರ್ತಿ ಇಳಿಸಿದ ಮೇಲೆ ಮೇಲಿನದು ಅಲುಗಾಡದಿದ್ದರೆ ಹೊಸ ಆಯಿಲ್ ತುಂಬುವ ದಾರಿಯೇ ಇರುವುದಿಲ್ಲ, ಗಾಡಿಯನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗುವಂತೆಯೂ ಇಲ್ಲ. ಮೇಲಿನದು ಬಿಗಿಯಾಗಿದ್ದರೆ ತುಕ್ಕು ಸಡಿಲಿಸುವ ಸ್ಪ್ರೇ ಹೊಡೆದು ಬಿಟ್ಟು, ಮರುದಿನ ಪ್ರಯತ್ನಿಸಿ. ಅದು ಬಿಚ್ಚಿಕೊಂಡ ಮೇಲೆಯೇ ಟ್ರೇ ಇಟ್ಟು ಡ್ರೈನ್ ಬೋಲ್ಟಿಗೆ ಕೈ ಹಾಕಿ. ಕೊನೆಯ ಎಳೆಗಳನ್ನು ಬೆರಳಲ್ಲಿ ತಿರುಗಿಸುವಾಗ ಬೋಲ್ಟನ್ನು ಮೇಲಕ್ಕೆ ಒತ್ತಿ ಹಿಡಿದಿದ್ದು, ಪೂರ್ತಿ ಸಡಿಲವಾದಾಗ ಒಮ್ಮೆಲೇ ಪಕ್ಕಕ್ಕೆ ಎಳೆದುಕೊಂಡರೆ ಮೊಣಕೈವರೆಗೆ ಆಯಿಲ್ ಹರಿಯುವುದು ತಪ್ಪುತ್ತದೆ. ಧಾರೆ ಹನಿಯಾಗುವವರೆಗೆ ಬಿಡಿ. ಆತುರ ಬೇಡ.

ಹಳೆ ಆಯಿಲ್ ಹೇಳುವ ಸುದ್ದಿ

ಅನೇಕ ಡ್ರೈನ್ ಬೋಲ್ಟುಗಳ ತುದಿಯಲ್ಲಿ ಅಯಸ್ಕಾಂತ ಇರುತ್ತದೆ. ಅದರ ಮೇಲೆ ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಮೆತ್ತಿಕೊಂಡಿದ್ದರೆ ಗಾಬರಿ ಬೇಡ. ಹಲ್ಲುಗಳ ಸಹಜ ಸವೆತ ಅದು. ಬೆರಳುಗಳ ನಡುವೆ ಉಜ್ಜಿ ನೋಡಿ. ನುಣುಪಾಗಿದ್ದರೆ ಸರಿ. ಚುಚ್ಚುವ ಚೂರು, ಹೊಳೆಯುವ ಹಕ್ಕಳೆ, ಹಲ್ಲಿನ ತುಂಡು ಸಿಕ್ಕರೆ ಬೇರಿಂಗ್ ಅಥವಾ ಗೇರ್ ಒಡೆಯುತ್ತಿದೆ ಎಂದು ಅರ್ಥ. ಆಗ ಹೊಸ ಆಯಿಲ್ ಪರಿಹಾರವಲ್ಲ, ಹೌಸಿಂಗ್ ಬಿಚ್ಚಿಸಬೇಕು.

ಬಣ್ಣವೂ ಮಾತಾಡುತ್ತದೆ. ಹೊಸ ಗೇರ್ ಆಯಿಲ್ ಹೊಂಬಣ್ಣಕ್ಕಿರುತ್ತದೆ, ಬಳಸಿದ ಹಾಗೆ ಕಂದಾಗಿ ಕಪ್ಪಾಗುತ್ತದೆ. ಸುಟ್ಟ ವಾಸನೆಯ ಕಡುಗಪ್ಪು ಆಯಿಲ್ ಹೆಚ್ಚು ಕಾದದ್ದರ ಗುರುತು. ಹಾಲು ಹೆಚ್ಚಾದ ಕಾಫಿಯಂತೆ ಕಂಡರೆ ನೀರು ಸೇರಿದೆ ಎಂದೇ ತಿಳಿಯಬೇಕು. ಅಂಥ ಹೌಸಿಂಗ್‌ಗೆ ಹೊಸ ಆಯಿಲ್ ಹಾಕಿ ಸ್ವಲ್ಪ ದೂರ ಓಡಿಸಿ, ಅದನ್ನೂ ಇಳಿಸಿ ಮತ್ತೊಮ್ಮೆ ತುಂಬಿಸಬೇಕಾಗಬಹುದು. ನೀರು ಎಲ್ಲಿಂದ ಬಂತೆಂದು ಹುಡುಕದೆ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಅದೇ ಕತೆ. ಇಳಿದ ಆಯಿಲ್ ಎಷ್ಟಿತ್ತು ಎಂಬುದನ್ನೂ ಅಳೆಯಿರಿ. ಹಾಕಬೇಕಾದದ್ದಕ್ಕಿಂತ ತೀರಾ ಕಡಿಮೆ ಬಂದಿದ್ದರೆ ಎಲ್ಲೋ ಸೀಲ್ ಸೋರುತ್ತಿದೆ.

ಹೊಸ ಆಯಿಲ್ ತುಂಬುವುದು

ಡ್ರೈನ್ ಬೋಲ್ಟಿನ ಅಯಸ್ಕಾಂತ, ಎಳೆಗಳನ್ನು ಒರೆಸಿ, ಹೊಸ ವಾಷರ್ ಹಾಕಿ ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿ. ಆಮೇಲೆ ಸ್ಪ್ಯಾನರಿನಿಂದ ಕೈಪಿಡಿ ಹೇಳಿದಷ್ಟು ಬಿಗಿ. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಮೈಭಾರ ಹಾಕಿದರೆ ಎಳೆ ಕಿತ್ತುಹೋಗುತ್ತದೆ.

ತಣ್ಣನೆಯ ಬೆಳಗ್ಗೆ ಗೇರ್ ಆಯಿಲ್ ಪೈಪಿನಲ್ಲಿ ಇಳಿಯಲು ಹಟ ಮಾಡುತ್ತದೆ. ಡಬ್ಬಿಯನ್ನು ಒಂದೆರಡು ಗಂಟೆ ಬಿಸಿಲಲ್ಲಿಟ್ಟರೆ ಅರ್ಧ ಶ್ರಮ ಉಳಿಯುತ್ತದೆ. ಪಂಪಿನ ಪೈಪನ್ನು ಫಿಲ್ಲರ್ ತೂತಿಗೆ ಹಾಕಿ ನಿಧಾನ ತುಂಬಿ. ತೂತಿನ ಕೆಳ ಅಂಚಿಗೆ ಆಯಿಲ್ ಬಂದು ಹೊರಕ್ಕೆ ಹನಿಯತೊಡಗಿದರೆ ಮಟ್ಟ ಸರಿ ಎಂದರ್ಥ. ಆ ತೂತೇ ಅಳತೆ ಕಡ್ಡಿ. ಹೆಚ್ಚಾದದ್ದು ತಾನಾಗಿ ಹರಿದು ನಿಲ್ಲಲಿ, ಐದು ನಿಮಿಷ ಬಿಟ್ಟು ಮತ್ತೆ ಬೆರಳಾಡಿಸಿ ನೋಡಿ, ತಗ್ಗಿದ್ದರೆ ಇನ್ನಷ್ಟು ಹಾಕಿ. ಕೆಲವು ಮಾದರಿಗಳಲ್ಲಿ ಮಟ್ಟ ತೂತಿನಿಂದ ಇಂತಿಷ್ಟು ಮಿಲಿಮೀಟರ್ ಕೆಳಗಿರಬೇಕೆಂದು ಹೇಳಿರುತ್ತಾರೆ. ಅಂಥಲ್ಲಿ ಕೈಪಿಡಿಯ ಮಾತೇ ಅಂತಿಮ.

‘ಸ್ವಲ್ಪ ಜಾಸ್ತಿಯೇ ಇರಲಿ’ ಎಂದು ಗಾಡಿ ಓರೆ ಮಾಡಿ ತುಂಬುವುದು ಉಪಕಾರವಲ್ಲ. ಹೆಚ್ಚಾದ ಆಯಿಲ್ ನೊರೆ ಕಟ್ಟಿ ಕಾದು, ಆಕ್ಸಲ್ ಸೀಲ್ ದಾಟಿ ಬ್ರೇಕ್ ಡ್ರಮ್ಮಿಗೆ ಇಳಿಯುತ್ತದೆ. ಲೈನರಿಗೆ ಆಯಿಲ್ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ.

ಮುಗಿದ ಮೇಲೆ ಫಿಲ್ಲರ್ ಬೋಲ್ಟ್ ಬಿಗಿದು, ಹೌಸಿಂಗ್ ಒರೆಸಿ, ಐದಾರು ಕಿಲೋಮೀಟರ್ ಓಡಿಸಿ ಬಂದು ಎರಡೂ ಬೋಲ್ಟುಗಳ ಬಳಿ ಸೋರಿಕೆ ನೋಡಿ.

ಡ್ರೈನ್ ಬೋಲ್ಟ್ ಇಲ್ಲದ ಹೌಸಿಂಗ್

ಅಮೆರಿಕದ ಅನೇಕ ಪಿಕಪ್ ಟ್ರಕ್ಕುಗಳ ಹೌಸಿಂಗ್‌ಗೆ ತಳದ ಬೋಲ್ಟ್ ಇರುವುದಿಲ್ಲ, ಹಿಂಬದಿಯಲ್ಲಿ ಬೋಲ್ಟುಗಳಿಂದ ಬಿಗಿದ ಮುಚ್ಚಳವಿರುತ್ತದೆ. ಅಲ್ಲಿ ನೆಲೆಸಿ ಸ್ವಂತ ಟ್ರಕ್ ಇಟ್ಟುಕೊಂಡಿರುವ ಕನ್ನಡಿಗರು ಇದನ್ನು ಗಮನಿಸಬೇಕು. ಮೇಲಿನ ಎರಡು ಬೋಲ್ಟುಗಳನ್ನು ಸಡಿಲಿಸಿ ಹಾಗೇ ಬಿಟ್ಟು, ಉಳಿದವನ್ನು ತೆಗೆದು, ಕೆಳ ಅಂಚನ್ನು ಮೆಲ್ಲಗೆ ಮೀಟಿದರೆ ಆಯಿಲ್ ಟ್ರೇಗೆ ಇಳಿಯುತ್ತದೆ. ನಂತರ ಮುಚ್ಚಳ ತೆಗೆದು ಹಳೆ ಗ್ಯಾಸ್ಕೆಟ್ ಕೆರೆದು ಶುಚಿ ಮಾಡಿ, ಹೊಸ ಗ್ಯಾಸ್ಕೆಟ್ ಅಥವಾ ಗೇರ್ ಆಯಿಲ್ ತಾಳುವ ಸಿಲಿಕೋನ್ ಪೇಸ್ಟನ್ನು ಬೋಲ್ಟಿನ ತೂತುಗಳ ಒಳಬದಿಗೆ ಸುತ್ತಲೂ ಕಡಿಯದ ಎಳೆಯಾಗಿ ಹಚ್ಚಿ ಬಿಗಿಯಬೇಕು. ಪೇಸ್ಟ್ ಡಬ್ಬಿಯ ಮೇಲೆ ಬರೆದ ಹೊತ್ತು ಒಣಗಿದ ಮೇಲೆಯೇ ಆಯಿಲ್. ಕೆಲಸ ಹೆಚ್ಚು, ಆದರೆ ಕ್ರೌನ್ ವೀಲಿನ ಪ್ರತಿ ಹಲ್ಲನ್ನೂ ಕಣ್ಣಾರೆ ನೋಡುವ ಅವಕಾಶ ಸಿಗುತ್ತದೆ.

ಮಲೆನಾಡು, ಕೊಡಗಿನ ತೋಟಗಳಲ್ಲಿ ಓಡುವ ಫೋರ್ ವೀಲ್ ಡ್ರೈವ್ ಜೀಪುಗಳಿಗೆ ಹಿಂದೊಂದು ಮುಂದೊಂದು ಎರಡು ಡಿಫರೆನ್ಶಿಯಲ್, ನಡುವೆ ಟ್ರಾನ್ಸ್‌ಫರ್ ಕೇಸ್ ಇರುತ್ತವೆ. ಮೂರಕ್ಕೂ ಆಯಿಲ್ ಬೇರೆ ಬೇರೆ ತುಂಬಬೇಕು. ಮುಂದಿನ ಚಕ್ರದಿಂದ ಎಳೆಯುವ ಸಣ್ಣ ಕಾರುಗಳಲ್ಲಿ ಡಿಫರೆನ್ಶಿಯಲ್ ಗೇರ್ ಬಾಕ್ಸಿನ ಹೊಟ್ಟೆಯಲ್ಲೇ ಇರುವುದರಿಂದ ಈ ಲೇಖನದ ಕ್ರಮ ಅವಕ್ಕೆ ಅನ್ವಯಿಸದು.

ಬ್ರೀದರ್ ಎಂಬ ಮೂಗು

ಹೌಸಿಂಗ್‌ನ ಮೇಲ್ಭಾಗದಲ್ಲಿ ಬೆರಳತುದಿ ಗಾತ್ರದ ಬ್ರೀದರ್ ಇರುತ್ತದೆ. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿದಾಗ ಹೊರಹೋಗುವುದು ಅಲ್ಲಿಂದ. ಅದು ಕೆಸರಿನಿಂದ ಮುಚ್ಚಿಹೋದರೆ ಒತ್ತಡ ಆಯಿಲನ್ನು ಸೀಲಿನ ಮೂಲಕ ಹೊರದಬ್ಬುತ್ತದೆ. ಹೊಸ ಸೀಲ್ ಹಾಕಿಸಿದರೂ ಸೋರಿಕೆ ನಿಲ್ಲದ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಇನ್ನೊಂದು ಅಪಾಯ ಹಳ್ಳ ದಾಟುವಾಗ: ಕಾದ ಹೌಸಿಂಗ್ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ, ಸವೆದ ಸೀಲ್ ಅಥವಾ ಬ್ರೀದರ್ ಮೂಲಕ ನೀರು ಒಳಗೆ ಎಳೆದುಕೊಳ್ಳುತ್ತದೆ. ಆಯಿಲ್ ಬದಲಿಸುವ ದಿನ ಬ್ರೀದರನ್ನೂ ತೆಗೆದು ತೊಳೆದು ಹಾಕಿ.

ಹಳೆ ಆಯಿಲ್ ಎಲ್ಲಿಗೆ?

ಬಳಸಿದ ಆಯಿಲನ್ನು ಚರಂಡಿಗೆ, ತೋಟದ ಅಂಚಿಗೆ ಸುರಿಯುವುದಾಗಲಿ, ಒಲೆಗೆ ಹಾಕಿ ಸುಡುವುದಾಗಲಿ ಕೂಡದು. ನೆಲಕ್ಕೆ ಇಂಗಿದ್ದು ಬಾವಿ ನೀರಿಗೆ ಸೇರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿರ್ವಹಣಾ ನಿಯಮಗಳಡಿ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯವಾಗಿದ್ದು, ಅನುಮತಿ ಪಡೆದ ಮರುಸಂಸ್ಕರಣಾ ಘಟಕಗಳಿಗೇ ಸೇರಬೇಕು. ಮನೆಯಲ್ಲಿ ಬದಲಿಸಿದವರು ಹೊಸ ಆಯಿಲ್ ಬಂದ ಡಬ್ಬಿಯಲ್ಲೇ ಹಳೆಯದನ್ನು ತುಂಬಿ, ಹಳೆ ಆಯಿಲ್ ಸಂಗ್ರಹಿಸುವ ಸರ್ವೀಸ್ ಸ್ಟೇಷನ್ ಅಥವಾ ಗ್ಯಾರೇಜಿಗೆ ಕೊಡಬಹುದು. ಅದಕ್ಕೆ ನೀರು, ಪೆಟ್ರೋಲ್, ಬ್ರೇಕ್ ಆಯಿಲ್ ಬೆರೆಸಬೇಡಿ. ಬೆರೆತದ್ದನ್ನು ಮರುಸಂಸ್ಕರಿಸುವುದು ಕಷ್ಟ.

ಎಲ್ಲಿ ನಿಲ್ಲಿಸಬೇಕು

ವಾರಂಟಿ ಅವಧಿಯಲ್ಲಿರುವ ಗಾಡಿಯನ್ನು ಕಂಪನಿ ಸರ್ವೀಸಿಗೇ ಬಿಡುವುದು ಜಾಣತನ. ಆಯಿಲ್ ಬದಲಿಸಿದ ಮೇಲೂ ಆಕ್ಸಿಲರೇಟರ್ ಒತ್ತಿದಾಗ ಅಥವಾ ಬಿಟ್ಟಾಗ ಹೌಸಿಂಗ್ ಕೂಗಿದರೆ ಕ್ರೌನ್-ಪಿನಿಯನ್ ಸವೆದಿರಬಹುದು. ತಿರುವಿನಲ್ಲಿ ಮಾತ್ರ ಕಟಕಟ ಎಂದರೆ ಒಳಗಿನ ಸಣ್ಣ ಗೇರುಗಳ ಮೇಲೆ ಅನುಮಾನ. ಕ್ಲಚ್ ಬಿಟ್ಟೊಡನೆ ‘ಟಣ್’ ಎಂದರೆ ಯೂನಿವರ್ಸಲ್ ಜಾಯಿಂಟನ್ನೂ ಪರೀಕ್ಷಿಸಬೇಕು. ಕ್ರೌನ್-ಪಿನಿಯನ್ ಜೋಡಣೆಯಲ್ಲಿ ಹಲ್ಲುಗಳ ನಡುವಿನ ಸಂದು ಮಿಲಿಮೀಟರಿನ ಸಣ್ಣ ಭಾಗದಷ್ಟು ಮಾತ್ರ. ಅದನ್ನು ಅಳೆದು ಕೂರಿಸಲು ಡಯಲ್ ಗೇಜ್ ಬೇಕು, ಪಳಗಿದ ಕೈ ಬೇಕು. ಅಂಗಳದ ಕೆಲಸ ಆಯಿಲ್, ಬ್ರೀದರ್, ಬೋಲ್ಟುಗಳಿಗೆ ಮುಗಿಯಿತು.

ಬದಲಿಸಿದ ದಿನಾಂಕ, ಕಿಲೋಮೀಟರ್, ಆಯಿಲ್ ದರ್ಜೆಯನ್ನು ಸರ್ವೀಸ್ ಪುಸ್ತಕದಲ್ಲಿ ಬರೆದಿಡಿ. ಪ್ರತಿ ಸಲ ಎಂಜಿನ್ ಆಯಿಲ್ ಬದಲಿಸುವಾಗ ಫಿಲ್ಲರ್ ಬೋಲ್ಟ್ ತೆಗೆದು ಬೆರಳಾಡಿಸಿ ಮಟ್ಟ ನೋಡುವ ರೂಢಿ ಮಾಡಿಕೊಳ್ಳಿ. ಒಂದೆರಡು ಲೀಟರ್ ಆಯಿಲ್‌ನ ಖರ್ಚಿಗೂ ಕ್ರೌನ್-ಪಿನಿಯನ್ ಸೆಟ್ ಬದಲಿಸುವ ಖರ್ಚಿಗೂ ಹೋಲಿಕೆಯೇ ಇಲ್ಲ.